ಒಂದೊಂದೇ ಸರ್ವೆ ನಂಬರಿಗೆ ಬದಲಾಗುವ ದೇವನಹಳ್ಳಿ

ಸಂಪಾದಕರಿಗೆ,

ಮಾನ್ಯರೇ,

2008ರ ಮೇ ತಿಂಗಳಲ್ಲಿ ವಿಮಾನ ನಿಲ್ದಾಣ ಆರಂಭವಾದಂದಿನಿಂದ ದೇವನಹಳ್ಳಿ ಬೆಳೆಯುತ್ತಿರುವುದಕ್ಕೆ ನನ್ನ ತಕರಾರಿಲ್ಲ. ಊರು ಯಾವ ದಿಕ್ಕಿಗೆ, ಎಷ್ಟು ಬೆಳೆಯಬೇಕೆಂದು ನಿರ್ಧರಿಸಿ ನಕ್ಷೆ ಬರೆದ ಮೇಲೆ, ಅದೇ ನಕ್ಷೆಯನ್ನು ಒಂದೊಂದು ಸರ್ವೆ ನಂಬರಿಗೆ ಒಂದೊಂದು ಅರ್ಜಿಯಂತೆ ತಿದ್ದುತ್ತ ಹೋಗುವ ಪದ್ಧತಿಗೆ ನನ್ನ ಆಕ್ಷೇಪವಿದೆ.

1961ರ ಕರ್ನಾಟಕ ನಗರ ಮತ್ತು ಗ್ರಾಮಾಂತರ ಯೋಜನಾ ಕಾಯ್ದೆಯ ಪ್ರಕಾರ ಯೋಜನಾ ಪ್ರಾಧಿಕಾರವು ಮಹಾಯೋಜನೆಯ (ಮಾಸ್ಟರ್ ಪ್ಲಾನ್) ಕರಡನ್ನು ಪ್ರಕಟಿಸಿ ಸಾರ್ವಜನಿಕರ ಅಭಿಪ್ರಾಯಕ್ಕೆ 60 ದಿನ ಕಾಲಾವಕಾಶ ನೀಡಬೇಕು ಮತ್ತು ಹತ್ತು ವರ್ಷಕ್ಕೊಮ್ಮೆಯಾದರೂ ಯೋಜನೆಯನ್ನು ಪರಿಷ್ಕರಿಸಬೇಕು. ಅದೇ ಕಾಯ್ದೆಯ 14-ಎ ಕಲಂ, ನಕ್ಷೆಯ ಲೋಪ ಸರಿಪಡಿಸುವಂಥ ಕಾರಣಗಳಿಗಾಗಿ ಭೂ ಉಪಯೋಗ ಬದಲಾವಣೆಗೆ, ಅಂದರೆ ಯೋಜನೆಯಲ್ಲಿ ಒಂದು ಜಮೀನಿಗೆ ಗೊತ್ತುಮಾಡಿದ ಬಳಕೆಯನ್ನು ಬದಲಿಸುವುದಕ್ಕೆ, ಅವಕಾಶ ಕೊಡುತ್ತದೆ. ಈ ಕಿಂಡಿಯೇ ಹೆಬ್ಬಾಗಿಲಾದರೆ ಅರವತ್ತು ದಿನಗಳ ಆಕ್ಷೇಪಣೆಗೆ ಯಾವ ಬೆಲೆ ಉಳಿಯುತ್ತದೆ? ಬದಲಾವಣೆಯ ಪ್ರಕಟಣೆ ಪತ್ರಿಕೆಯಲ್ಲಿ ಬರುವುದೇನೋ ನಿಜ. ಆದರೆ ಸರ್ವೆ ನಂಬರು, ಹೋಬಳಿ, ಎಕರೆ, ಗುಂಟೆಗಳ ಆ ಸಣ್ಣ ಅಕ್ಷರದ ಚೌಕವನ್ನು ಓದಿ, ಅದು ತಮ್ಮೂರ ಕೆರೆಯ ಮೇಲ್ಭಾಗದ ಜಮೀನೇ ಎಂದು ಗುರುತಿಸುವವರು, ಪಕ್ಕದ ಹೊಲದವರನ್ನು ಬಿಟ್ಟರೆ, ಯಾರೂ ಇರಲಾರರು.

ಕೆರೆಯ ಮಾತು ಬಂದದ್ದರಿಂದ ಅದನ್ನು ತುಸು ವಿವರಿಸಬೇಕು. ವರ್ಷಪೂರ್ತಿ ಹರಿಯುವ ನದಿಯಿಲ್ಲದ ಈ ತಾಲ್ಲೂಕಿನಲ್ಲಿ ಮೇಲಿನ ಕೆರೆ ಕೋಡಿ ಬಿದ್ದರೆ ರಾಜಕಾಲುವೆಯ ಮೂಲಕ ಕೆಳಗಿನ ಕೆರೆಗೆ ನೀರು ಇಳಿಯಬೇಕು, ಆ ನೀರು ಇಂಗಿದರೆ ಕೊಳವೆಬಾವಿಗೆ ಜೀವ. ಪ್ರತಿ ಬಡಾವಣೆಯ ಅನುಮೋದನೆಯಲ್ಲೂ ಅದರ ಗಡಿಯೊಳಗಿನ ಕಾಲುವೆಗೆ ಅಂತರ ಬಿಟ್ಟಿದ್ದಾರೆಯೇ ಎಂದು ನೋಡಬಹುದು. ಹತ್ತು ಬಡಾವಣೆಗಳು ಸೇರಿ ಒಂದು ಕೆರೆಯ ಜಲಾನಯನವನ್ನೇ, ಅಂದರೆ ಅದಕ್ಕೆ ಮಳೆನೀರು ಹರಿದುಬರುವ ನೆಲವನ್ನೇ, ಕಾಂಕ್ರೀಟು ಮಾಡಿದ್ದು ಯಾವ ಒಂದು ಕಡತದಲ್ಲೂ ಕಾಣುವುದಿಲ್ಲ. ಹೆಬ್ಬಾಳ–ನಾಗವಾರ ಕಣಿವೆ ಯೋಜನೆಯಡಿ ಬೆಂಗಳೂರಿನ ಸಂಸ್ಕರಿತ ನೀರನ್ನು ಪಂಪು ಮಾಡಿ ಈ ಭಾಗದ ಕೆರೆಗಳಿಗೆ ತುಂಬಿಸುತ್ತಿರುವ ಸರ್ಕಾರವೇ, ಮಳೆನೀರು ಬರುವ ದಾರಿಯನ್ನು ಹೀಗೆ ತುಂಡುತುಂಡಾಗಿ ಮುಚ್ಚಲು ಬಿಡುವುದು ವಿಚಿತ್ರ.

ಚಕ್ಕೋತದ ಕಥೆಯೂ ಇಂಥದ್ದೇ. ದೇವನಹಳ್ಳಿ ಚಕ್ಕೋತಕ್ಕೆ ಭೌಗೋಳಿಕ ಮಾನ್ಯತೆಯ (ಜಿಐ) ಗುರುತು ದೊರೆತಿದೆ, ಅಂದರೆ ಹಣ್ಣಿನ ಗುಣ ಈ ನೆಲದ್ದೆಂದು ಕಾನೂನೇ ಒಪ್ಪಿದಂತಾಯಿತು. ಆದರೆ ವಲಯ ನಕ್ಷೆಯಲ್ಲಿ ಕೃಷಿ ಜಮೀನನ್ನು ತೋರಿಸುವ ಹಸಿರು ಬಣ್ಣಕ್ಕೆ ಫಲ ಕೊಡುವ ತೋಟಕ್ಕೂ ಬೀಳು ಜಮೀನಿಗೂ ವ್ಯತ್ಯಾಸ ತಿಳಿಯದು. ಟಿಪ್ಪು ಹುಟ್ಟಿದೂರಿನ ಕೋಟೆಗಾದರೂ ಪುರಾತತ್ವ ಕಾಯ್ದೆಯ ಆಸರೆಯಿದೆ, ತೋಟಕ್ಕೆ ಅದೂ ಇಲ್ಲ.

ಹಾಗೆಂದು ಹಸಿರು ಗೀಟೆಳೆದು ರೈತನನ್ನು ಕಟ್ಟಿಹಾಕಬೇಕೆಂಬ ವಾದ ನನ್ನದಲ್ಲ. 2020ರಲ್ಲಿ ಭೂಸುಧಾರಣಾ ಕಾಯ್ದೆಯ 79-ಎ ಮತ್ತು 79-ಬಿ ಕಲಂಗಳು ರದ್ದಾಗಿ ಕೃಷಿಕರಲ್ಲದವರೂ ಜಮೀನು ಕೊಳ್ಳುವಂತಾದ ಮೇಲೆ, ಸಾಲ ಹೊತ್ತವನಿಗೆ ಮಾರಬೇಡವೆನ್ನಲು ನಮಗೆ ಯಾವ ಹಕ್ಕಿದೆ? ರಸ್ತೆ ಅಗಲೀಕರಣಕ್ಕೆ ಜಾಗ ಬಿಟ್ಟವರಿಗೆ ಯೋಜನಾ ಕಾಯ್ದೆಯ 14-ಬಿ ಕಲಮಿನಡಿ ಅಭಿವೃದ್ಧಿ ಹಕ್ಕು (ಹೆಚ್ಚುವರಿ ಕಟ್ಟಡ ಕಟ್ಟುವ ಅಥವಾ ಅದನ್ನು ಬೇರೆಯವರಿಗೆ ಮಾರುವ ಹಕ್ಕು) ಕೊಡುವ ವ್ಯವಸ್ಥೆ ಈಗಾಗಲೇ ಇದೆ. ಚಕ್ಕೋತದ ತೋಟ ಉಳಿಸಿಕೊಳ್ಳುವವರಿಗೂ ಅದೇ ಬಗೆಯ ಲಾಭ ಸಿಗುವಂತೆ ಕಾಯ್ದೆಯನ್ನು ವಿಸ್ತರಿಸಬಹುದು. ಚನ್ನರಾಯಪಟ್ಟಣ ಹೋಬಳಿಯ 1,777 ಎಕರೆ ಸ್ವಾಧೀನವನ್ನು ಕೈಬಿಡುವುದಾಗಿ 2025ರ ಜುಲೈ 15ರಂದು ಮುಖ್ಯಮಂತ್ರಿ ಘೋಷಿಸಿದ್ದು ರೈತರ ದೀರ್ಘ ಹೋರಾಟದ ಫಲ. ಆದರೆ ಸ್ವಾಧೀನ ತಪ್ಪಿದ ನೆಲವೂ ಮುಂದೆ ಬಿಡಿಬಿಡಿ ಅರ್ಜಿಗಳಲ್ಲಿ ಕರಗಬಲ್ಲದು.

ಮೊದಲು ಕಟ್ಟಡ, ಆಮೇಲೆ ಸೌಕರ್ಯ ಎಂಬ ಕ್ರಮದ ಫಲ ನೋಡಲು ದೂರ ಹೋಗಬೇಕಿಲ್ಲ. 2007ರಲ್ಲಿ ಬೆಂಗಳೂರು ಮಹಾನಗರ ಪಾಲಿಕೆಗೆ ಸೇರಿದ 110 ಹಳ್ಳಿಗಳಿಗೆಂದು ಕಾವೇರಿ ಕುಡಿಯುವ ನೀರಿನ ಯೋಜನೆಯ ಐದನೇ ಹಂತ ಉದ್ಘಾಟನೆಯಾದದ್ದು 2024ರ ಅಕ್ಟೋಬರಿನಲ್ಲಿ. ಹದಿನೇಳು ವರ್ಷ ಅಲ್ಲಿನವರು ಕೊಳವೆಬಾವಿ ಮತ್ತು ಟ್ಯಾಂಕರನ್ನೇ ನಂಬಿ ಬದುಕಬೇಕಾಯಿತು.

ಆದ್ದರಿಂದ ಮುಂದಿನ ಪರಿಷ್ಕೃತ ಮಹಾಯೋಜನೆ ಅಂತಿಮವಾಗುವವರೆಗೆ ಕೆರೆಗಳ ಜಲಾನಯನದಲ್ಲಿ 14-ಎ ಅಡಿಯ ಬದಲಾವಣೆಗಳನ್ನು ನಿಲ್ಲಿಸಬೇಕು. ಈವರೆಗೆ ಕೊಟ್ಟ ಅನುಮತಿಗಳನ್ನೆಲ್ಲ ಒಂದೇ ನಕ್ಷೆಯ ಮೇಲೆ ಗುರುತಿಸಿ, ಕೆರೆ, ಕಾಲುವೆ, ಗುಂಡುತೋಪು, ಗೋಮಾಳಗಳ ಹೆಸರುಗಳೊಂದಿಗೆ ಕನ್ನಡದಲ್ಲಿ ಪ್ರತಿ ಗ್ರಾಮ ಪಂಚಾಯಿತಿಯ ಗೋಡೆಗೆ ಹಾಕಬೇಕು. ಕರಡಿನ ಚರ್ಚೆ ಗ್ರಾಮಸಭೆಗಳಲ್ಲಿ ನಡೆಯಬೇಕು, ಅದೂ ರಾಗಿ ಕೊಯ್ಲಿನ ತಿಂಗಳು ಬಿಟ್ಟು.

ಇಂತಿ,
ದೇವನಹಳ್ಳಿಯ ಒಬ್ಬ ನಿವಾಸಿ