ಮಂಜು, ಮೊದಲು ತೆನೆ ಯಾವುದು ಅಂತ ನೋಡು

ಪ್ರೀತಿಯ ಮಂಜು,

ಮೆಕ್ಕೆಜೋಳದ ತೆನೆ ಹೇಗೆ ಬೇಯಿಸಿದರೆ ಚೆನ್ನಾಗಿರುತ್ತೆ ಅಂತ ಕೇಳಿದ್ದೀಯ. ಮನೆಯಲ್ಲಿರೋದು ಗ್ಯಾಸ್ ಒಲೆ, ಕುಕ್ಕರ್ ಅಷ್ಟೇ ಅಂದಿದ್ದೀಯ. ಅಷ್ಟು ಸಾಕು. ಆದರೆ ಒಲೆ ಹಚ್ಚೋ ಮೊದಲು ಕೈಯಲ್ಲಿರೋ ತೆನೆ ಯಾವುದು ಅಂತ ನೋಡು. ನಾಟಿ ಜೋಳ ಬೇರೆ, ಸ್ವೀಟ್ ಕಾರ್ನ್ ಬೇರೆ. ಎರಡನ್ನೂ ಒಂದೇ ರೀತಿ ಬೇಯಿಸಿದರೆ ಒಂದಾದರೂ ಕೆಡುತ್ತದೆ.

ನಾಟಿ ಅಂತ ಮಾರೋದು ಹೆಚ್ಚಾಗಿ ಹೊಲದ ಮಾಮೂಲಿ ಮೆಕ್ಕೆಜೋಳವೇ. ದಾವಣಗೆರೆ, ಹಾವೇರಿ ಕಡೆ ಮಳೆಗಾಲದಲ್ಲಿ ಎಲ್ಲಿ ನೋಡಿದರೂ ಅದೇ ಬೆಳೆ. ಒಣಗಲು ಬಿಟ್ಟದ್ದರಲ್ಲಿ ಬಹಳಷ್ಟು ಕೋಳಿ ಆಹಾರಕ್ಕೆ ಹೋಗುತ್ತದೆ. ಕಾಳು ಹಾಲು ತುಂಬಿಕೊಂಡಾಗಲೇ ಮುರಿದರೆ ನಮ್ಮ ಪಾಲಿಗೆ. ಜೂನ್‌ನಲ್ಲಿ ಬಿತ್ತಿದ್ದು ಗೌರಿ-ಗಣೇಶ ಹಬ್ಬದ ಆಸುಪಾಸಿನಲ್ಲಿ ಈ ಹದಕ್ಕೆ ಬಂದಿರುತ್ತದೆ.

ಹದ ತಿಳಿಯೋಕೆ ಉಗುರೇ ಸಾಕು. ಒಂದು ಕಾಳು ಒತ್ತು. ಬರೀ ನೀರು ಬಂದರೆ ತೀರಾ ಎಳೆಯದು. ಬಿಳಿ ಹಾಲು ಚಿಮ್ಮಿದರೆ ಸರಿಯಾಗಿದೆ. ಉಗುರು ಇಳಿದರೂ ಏನೂ ಬರದೆ ಹಿಟ್ಟು ಹಿಟ್ಟಾಗಿದ್ದರೆ ಬಲಿತಿದೆ, ಅದನ್ನು ಸುಡಬೇಡ, ರುಬ್ಬಿ ವಡೆ ಮಾಡು. ಆದರೆ ಅಂಗಡಿಯಲ್ಲಿ ಎಲ್ಲ ತೆನೆಯ ಸಿಪ್ಪೆ ಬಿಚ್ಚಿ ನೋಡೋದು ಸರಿಯಲ್ಲ, ಬಿಚ್ಚಿಟ್ಟ ತೆನೆ ಬೇಗ ಒಣಗುತ್ತದೆ. ಸಿಪ್ಪೆ ಹಸಿರಾಗಿದ್ದು ತುದಿಯ ಕೂದಲು ಕಂದು ಬಣ್ಣಕ್ಕೆ ತಿರುಗಿರಬೇಕು. ಹೊರಗಿಂದಲೇ ಸವರಿದರೆ ಕಾಳು ತುದಿವರೆಗೂ ತುಂಬಿದೆಯಾ ಅಂತ ಬೆರಳಿಗೆ ಗೊತ್ತಾಗುತ್ತೆ. ತಂದ ದಿನವೇ ಮಾಡಿಬಿಡು. ಗಿಡದಿಂದ ಮುರಿದ ಕ್ಷಣದಿಂದ ಕಾಳಿನ ಸಕ್ಕರೆ ಪಿಷ್ಟವಾಗುತ್ತಾ ಹೋಗುತ್ತದೆ. ಬಿಸಿಲಲ್ಲಿ ಇಟ್ಟರಂತೂ ಇನ್ನೂ ಬೇಗ. ಅದಕ್ಕೇ ಹೊಲದ ಬದುವಿನಲ್ಲೇ ಸುಟ್ಟು ತಿಂದ ತೆನೆಯ ರುಚಿ ಪೇಟೆಯಲ್ಲಿ ಸಿಗಲ್ಲ.

ನಾಟಿ ತೆನೆಗೆ ಕೆಂಡವೇ ಸರಿ. ಇದರಲ್ಲಿ ನನಗೆ ಎರಡನೇ ಮಾತಿಲ್ಲ. ನಂದಿ ಬೆಟ್ಟದ ಕಡೆ ಹೋದಾಗ ಸುಡುವವರ ಕೈಯನ್ನೇ ಒಮ್ಮೆ ಸರಿಯಾಗಿ ನೋಡು. ಉರಿ ಏಳುತ್ತಿದ್ದಾಗ ತೆನೆ ಇಡೋದೇ ಇಲ್ಲ. ಇದ್ದಿಲು ಕೆಂಪಾಗಿ, ಮೇಲೆ ತೆಳ್ಳಗೆ ಬೂದಿ ಕಟ್ಟಿದ ಮೇಲೆ ಇಡುತ್ತಾರೆ. ಒಂದು ಕೈಯಲ್ಲಿ ಬೀಸಣಿಗೆ, ಇನ್ನೊಂದು ಕೈ ತೆನೆಯನ್ನು ಸ್ವಲ್ಪ ಸ್ವಲ್ಪವೇ ಉರುಳಿಸುತ್ತಿರುತ್ತದೆ. ಮೊದಲು ಕಾಳಿನ ಮೇಲೆ ಮಿರುಗು ಬರುತ್ತದೆ. ಆಮೇಲೆ ಚಟ್ ಅಂತ ಒಂದು ಸಿಡಿಯುತ್ತದೆ, ಅದರ ಹಿಂದೆ ನಾಲ್ಕೈದು. ಅಲ್ಲಲ್ಲಿ ಕಪ್ಪು ಚುಕ್ಕೆ ಬಿದ್ದು, ಉಳಿದ ಕಾಳು ಹೊಂಬಣ್ಣಕ್ಕೆ ಬಂದ ಕೂಡಲೇ ತೆಗೆಯುತ್ತಾರೆ. ಅರ್ಧ ನಿಂಬೆಹಣ್ಣನ್ನು ಉಪ್ಪು-ಖಾರದ ಪುಡಿಯಲ್ಲಿ ಅದ್ದಿ, ಸಾಲಿನುದ್ದಕ್ಕೂ ಒತ್ತಿ ಉಜ್ಜುತ್ತಾರೆ. ತೆನೆ ಸುಡುಸುಡು ಇದ್ದಾಗಲೇ ಉಜ್ಜಬೇಕು, ಆರಿದ ಮೇಲೆ ಖಾರ ಹಿಡಿಯಲ್ಲ.

ನಿನ್ನ ಗ್ಯಾಸ್ ಒಲೆಯಲ್ಲೂ ಇದೇ ಲೆಕ್ಕ. ಉರಿ ಜಾಸ್ತಿ ಮಾಡಿದರೆ ಹೊರಗೆ ಕರಕಲು, ಒಳಗೆ ಹಸಿ. ಫುಲ್ಕ ಸುಡೋ ಜಾಲರಿ ಇಟ್ಟು ಸಣ್ಣ ಉರಿಯಲ್ಲಿ ತಿರುಗಿಸುತ್ತಾ ಇರು. ಹತ್ತು ನಿಮಿಷ ಹಿಡಿಯಬಹುದು. ಕಾಳು ಸಿಡಿಯುತ್ತೆ, ಮುಖ ದೂರ ಇಟ್ಕೋ. ಇದ್ದಿಲಿನ ಹೊಗೆಯ ವಾಸನೆ ಬರಲ್ಲ, ಅದೊಂದು ಕೊರತೆಯೇ. ಆದರೂ ಮೈಕ್ರೋವೇವ್‌ಗಿಂತ ಎಷ್ಟೋ ವಾಸಿ.

ನಾಟಿ ತೆನೆಯನ್ನು ಬೇಯಿಸುವುದಾದರೆ ಒಳಗಿನ ಎಳೆ ಸಿಪ್ಪೆ ಒಂದೆರಡು ಪದರ ಹಾಗೇ ಬಿಡು. ನೀರಿಗೆ ಒಳ್ಳೆ ಘಮ ಬರುತ್ತದೆ. ಮುಳುಗುವಷ್ಟು ನೀರು, ಉಪ್ಪು, ಚಿಟಿಕೆ ಅರಿಶಿನ, ನಾಲ್ಕೈದು ವಿಷಲ್. ಪ್ರೆಷರ್ ತಾನಾಗೇ ಇಳಿಯಲಿ. ಆ ನೀರಲ್ಲೇ ಸ್ವಲ್ಪ ಹೊತ್ತು ಕೂತರೆ ಉಪ್ಪು ಒಳಗೆ ಇಳಿಯುತ್ತದೆ.

ಸ್ವೀಟ್ ಕಾರ್ನ್ ಹೀಗಲ್ಲ. ಅದರ ಕಾಳಿನ ಸಿಪ್ಪೆ ತೆಳು, ಸಕ್ಕರೆ ಜಾಸ್ತಿ. ಈಗಿನ ಎಷ್ಟೋ ತಳಿಗಳಲ್ಲಿ ಸಕ್ಕರೆ ಪಿಷ್ಟವಾಗುವುದನ್ನು ನಿಧಾನ ಮಾಡುವ ಗುಣವೂ ಇದೆ, 1950ರ ದಶಕದಲ್ಲಿ ಅಮೆರಿಕದ ಇಲಿನಾಯ್ ವಿಶ್ವವಿದ್ಯಾಲಯದಲ್ಲಿ ಅದರ ಸಿಹಿ ಗಮನಕ್ಕೆ ಬಂತು. ಹಾಗಾಗಿ ಫ್ರಿಜ್‌ನಲ್ಲಿ ಎರಡು ದಿನ ಇಟ್ಟರೂ ಸಿಹಿ ಉಳಿಯುತ್ತೆ. ಇದಕ್ಕೆ ಇಡ್ಲಿ ಪಾತ್ರೆಯ ಹಬೆ ಸಾಕು, ಏಳೆಂಟು ನಿಮಿಷ. ಕುಕ್ಕರ್‌ನಲ್ಲಿ ನಾಲ್ಕು ವಿಷಲ್ ಕೂಗಿಸಿದರೆ ಸಿಹಿಯೆಲ್ಲ ನೀರಿಗೆ ಹೋಗಿ, ಕಾಳು ಮೆತ್ತಗಾಗುತ್ತದೆ. ಬೆಂದ ಮೇಲೆ ಬೆಣ್ಣೆ, ಉಪ್ಪು, ಕಾಳುಮೆಣಸಿನ ಪುಡಿ. ನಿಂಬೆ ಕಡಿಮೆ ಹಾಕು. ಕೆಂಡದ ಮೇಲೆ ಇದನ್ನು ಸುಡೋರೂ ಇದ್ದಾರೆ, ನನಗೆ ಮಾತ್ರ ಹಿಡಿಸಲ್ಲ. ಕಾಳು ಸುಕ್ಕುಗಟ್ಟಿ, ನೀರು ಬಿಟ್ಟು, ಸುಟ್ಟಿದ್ದೂ ಅಲ್ಲ ಬೇಯಿಸಿದ್ದೂ ಅಲ್ಲ ಅನ್ನೋ ಹಾಗಾಗುತ್ತೆ.

ಇನ್ನೊಂದು ಮಾತು. ನಿಂಬೆ-ಖಾರ ಬೇಜಾರಾದ ದಿನ ಹಸಿಮೆಣಸು, ಬೆಳ್ಳುಳ್ಳಿ, ಕಲ್ಲುಪ್ಪು ಕುಟ್ಟಿ, ಸುಟ್ಟ ನಾಟಿ ತೆನೆಗೆ ತುಪ್ಪದ ಜೊತೆ ಸವರಿ ನೋಡು. ಶೇಂಗಾ ಚಟ್ನಿಪುಡಿ ಇದ್ದರೆ ಅದೂ ಆಗುತ್ತೆ. ಬೆಂದ ತೆನೆ ಉಳಿದರೆ ಮರುದಿನ ಕಾಳು ಬಿಡಿಸಿ, ಸಾಸಿವೆ, ಕರಿಬೇವು, ಕಾಯಿತುರಿ ಹಾಕಿ ಉಸ್ಲಿ ಮಾಡು. ಮಕ್ಕಳ ಡಬ್ಬಿಗೆ ಚೆನ್ನಾಗಿರುತ್ತೆ.

ಈ ವಾರ ಮಾರ್ಕೆಟ್‌ಗೆ ಹೋದರೆ ನಾಟಿ ಎರಡು, ಸ್ವೀಟ್ ಕಾರ್ನ್ ಎರಡು ತಗೊಂಡು ಬಾ. ಯಾವುದು ಹೇಗೆ ಬಂತು ಅಂತ ಬರಿ.

ಇಂತಿ ನಿನ್ನ ಗೆಳೆಯ