ಬೀಗ ಹಾಕಿದ ಕೋಣೆಯ ಶಾಕ್‌ವೇವ್ ಯಂತ್ರವನ್ನು ರೋಗಿಗಳಿಗೆ ಕೊಡಿ: ಶಾಸಕರಿಗೊಂದು ಬಹಿರಂಗ ಪತ್ರ

ಮಾನ್ಯ ಶಾಸಕರೇ,

ಕಲಬುರಗಿ ಜಿಲ್ಲೆಯ ನಮ್ಮ ತಾಲ್ಲೂಕು ಕೇಂದ್ರದ ಸರ್ಕಾರಿ ಆಸ್ಪತ್ರೆಯಲ್ಲಿ, ಒತ್ತಡದ ಅಲೆಗಳಿಂದ ಹಟಮಾರಿ ನೋವಿಗೆ ಚಿಕಿತ್ಸೆ ಕೊಡುವ ಶಾಕ್‌ವೇವ್ ಥೆರಪಿಯ ಯಂತ್ರವೊಂದಿದೆ. ಅದರ ಉದ್ಘಾಟನೆಗೆ ಬಂದು ಟೇಪು ಕತ್ತರಿಸಿದವರು ತಾವೇ ಆದ್ದರಿಂದ ಅದು ಇದೆಯೆಂದು ತಮಗೆ ನೆನಪಿಸಬೇಕಾಗಿಲ್ಲ. ಆದರೆ ಅಂದಿನಿಂದ ಅದು ಬೀಗ ಹಾಕಿದ ಕೋಣೆಯಲ್ಲಿ ಪ್ಲಾಸ್ಟಿಕ್ ಹೊದಿಕೆಯಡಿ ನಿಂತಿದೆ. ಈ ಬಗ್ಗೆ ಅರ್ಜಿ ಕೊಟ್ಟೆ, ತಮ್ಮ ಕಚೇರಿಯ ಬಾಗಿಲಲ್ಲಿ ಕಾದೆ, ಆಸ್ಪತ್ರೆಯ ಅಧಿಕಾರಿಗಳಲ್ಲಿ ಅಂಗಲಾಚಿದೆ. ಯಾರಿಂದಲೂ ಉತ್ತರ ಬಾರದ್ದರಿಂದ ನಾಲ್ಕು ಜನ ಓದಲಿ ಎಂದು ಇದನ್ನು ಬರೆಯುತ್ತಿದ್ದೇನೆ. ಆ ಕೋಣೆಯ ಬೀಗ ತೆಗೆಸಿ, ಯಂತ್ರ ನಡೆಸಬಲ್ಲ ಫಿಸಿಯೋಥೆರಪಿಸ್ಟ್ ಒಬ್ಬರನ್ನು ನೇಮಿಸಿ ಎಂಬುದಷ್ಟೇ ನನ್ನ ಬೇಡಿಕೆ.

ನಾನು ಜೋಳದ ರೊಟ್ಟಿ ಮಾಡಿ ಸಂಸಾರ ನಡೆಸುವವಳು. ನಸುಕಿನಲ್ಲಿ ಎಸರಿಟ್ಟು, ಹಿಟ್ಟು ನಾದಿ, ಬಡಿಯಲು ಕೂತರೆ ಖಾನಾವಳಿಗಳ ಬೇಡಿಕೆ ಮುಗಿಯುವವರೆಗೆ ಏಳುವಂತಿಲ್ಲ. ಎಳ್ಳಮಾವಾಸ್ಯೆ ಹತ್ತಿರ ಬಂದರೆ ಸಜ್ಜೆ ರೊಟ್ಟಿಯೂ ಸೇರಿ ಕೈಗೆ ಬಿಡುವೇ ಇರುವುದಿಲ್ಲ. ಇಷ್ಟು ವರ್ಷ ದುಡಿದ ಬಲ ಭುಜ ಈಗ ಮೇಲೇಳುತ್ತಿಲ್ಲ. ಹಂಚಿನ ಮೇಲಿನ ರೊಟ್ಟಿಗೆ ನೀರು ಸವರಲು ಕೈ ಚಾಚಿದರೆ ಭುಜದಿಂದ ಮೊಣಕೈವರೆಗೆ ಸೆಳೆತ ಇಳಿಯುತ್ತದೆ. ಮಗಳಿಗೆ ಜಡೆ ಹಾಕಲಾಗುವುದಿಲ್ಲ, ರಾತ್ರಿ ಆ ಮಗ್ಗುಲಿಗೆ ಹೊರಳಿದರೆ ಎಚ್ಚರವಾಗುತ್ತದೆ. ಎಕ್ಸ್‌ರೇಯಲ್ಲಿ ಸ್ನಾಯುವನ್ನು ಮೂಳೆಗೆ ಕಟ್ಟುವ ಭುಜದ ಸ್ನಾಯುರಜ್ಜುವಿನ ಮೇಲೆ ಸುಣ್ಣ ಕಟ್ಟಿರುವುದು ಬಿಳಿ ಚುಕ್ಕೆಯಾಗಿ ಕಾಣುತ್ತದೆ. ನೋವಿನ ಗುಳಿಗೆ ನುಂಗಿ ನುಂಗಿ ಹೊಟ್ಟೆ ಉರಿ ಹತ್ತಿತು. ಹೀಗೇ ಮುಂದುವರಿದರೆ ಕಿಡ್ನಿಗೂ ಅಪಾಯ ಎಂದ ಮೂಳೆ ವೈದ್ಯರು ಶಾಕ್‌ವೇವ್ ಮಾಡಿಸಿಕೊಳ್ಳಲು ಚೀಟಿ ಬರೆದರು. ಆ ಚೀಟಿ ಹಿಡಿದು ಹೋದಾಗಲೆಲ್ಲ ನನಗೆ ಕಂಡದ್ದು ಬೀಗ.

ಇದು ಕರೆಂಟ್ ಕೊಡುವ ಚಿಕಿತ್ಸೆ ಎಂದು ನಮ್ಮ ಓಣಿಯಲ್ಲಿ ಹೆದರುವವರಿದ್ದಾರೆ, ಅದು ಹಾಗಲ್ಲ. 1980ರಲ್ಲಿ ಜರ್ಮನಿಯ ಮ್ಯೂನಿಕ್‌ನಲ್ಲಿ ಮೂತ್ರಪಿಂಡದ ಕಲ್ಲನ್ನು ಕೊಯ್ಯದೆಯೇ ಪುಡಿ ಮಾಡಲು ಆಘಾತ ತರಂಗಗಳನ್ನು, ಅಂದರೆ ಶಾಕ್‌ವೇವ್‌ಗಳನ್ನು, ಮೊದಲ ಬಾರಿಗೆ ರೋಗಿಯ ಮೇಲೆ ಬಳಸಲಾಯಿತು. ಅದೇ ವಿದ್ಯೆ ಮುಂದೆ ಹಿಮ್ಮಡಿ, ಮೊಣಕೈ, ಭುಜದ ಹಟಮಾರಿ ನೋವುಗಳಿಗೂ ಬಂತು. ನಮ್ಮ ಆಸ್ಪತ್ರೆಯಲ್ಲಿರುವ ಬಗೆಯ ಯಂತ್ರದಲ್ಲಿ ಒತ್ತಿದ ಗಾಳಿಯು ಕೈಯಲ್ಲಿ ಹಿಡಿಯುವ ಭಾಗವಾದ ಹ್ಯಾಂಡ್‌ಪೀಸ್‌ನೊಳಗಿನ ಲೋಹದ ತುಂಡೊಂದನ್ನು ಮುಂದಕ್ಕೆ ಚಿಮ್ಮಿಸುತ್ತದೆ. ಅದು ತುದಿಗೆ ಬಡಿದಾಗ ಹುಟ್ಟುವ ಒತ್ತಡದ ಅಲೆ ಜೆಲ್ ಹಚ್ಚಿದ ಚರ್ಮದ ಮೂಲಕ ನೋವಿನ ಜಾಗಕ್ಕೆ ಇಳಿಯುತ್ತದೆ. ಒಂದು ಸರದಿಗೆ ಸುಮಾರು 2000 ಹೊಡೆತ, ಸಾಮಾನ್ಯವಾಗಿ ವಾರಕ್ಕೊಮ್ಮೆಯಂತೆ 3ರಿಂದ 5 ಸರದಿ. ಎಲ್ಲರಿಗೂ ಗುಣವಾಗುತ್ತದೆಂದು ನಾನು ಹೇಳುತ್ತಿಲ್ಲ. ಜೊತೆಗೆ ವ್ಯಾಯಾಮವೂ ಬೇಕು. ಹೊಟ್ಟೆಯಲ್ಲಿ ಮಗುವಿರುವವರು, ರಕ್ತ ಹೆಪ್ಪುಗಟ್ಟದಂತೆ ಮಾತ್ರೆ ತೆಗೆದುಕೊಳ್ಳುವವರು, ನೋವಿನ ಜಾಗದಲ್ಲಿ ಕ್ಯಾನ್ಸರ್ ಗಡ್ಡೆಯಿರುವವರು ಇಂಥವರಿಗೆಲ್ಲ ಇದನ್ನು ಕೊಡಬಾರದು. ಯಾರಿಗೆ ಕೊಡಬೇಕು, ಎಷ್ಟು ಒತ್ತಡದಲ್ಲಿ ಕೊಡಬೇಕು ಎಂದು ನಿರ್ಧರಿಸಲು ಕಲಿತವರೇ ಬೇಕು. ಫಿಸಿಯೋಥೆರಪಿಸ್ಟ್ ಬೇಕೆಂದು ನಾನು ಹಟ ಹಿಡಿದಿರುವುದು ಇದೇ ಕಾರಣಕ್ಕೆ.

ಇನ್ನು, ನನ್ನನ್ನು ಈ ಪತ್ರಕ್ಕೆ ತಂದು ನಿಲ್ಲಿಸಿದ ಸಂಗತಿ. ಹಿರಿಯ ಅಧಿಕಾರಿಗಳು ಆಸ್ಪತ್ರೆ ಪರಿಶೀಲನೆಗೆ ಬರುವ ದಿನ ಬೆಳಿಗ್ಗೆ, ಇವತ್ತು ಚಿಕಿತ್ಸೆ ಶುರುವಾಗುತ್ತದೆ ಬನ್ನಿ ಎಂದು ನನಗೆ ಹೇಳಿ ಕಳುಹಿಸಿದರು. ಒಲೆ ಮೇಲಿನ ಹಂಚು ಇಳಿಸಿ ಓಡಿದೆ. ಕೋಣೆ ಗುಡಿಸಿ ಒರೆಸಿತ್ತು, ಹೊದಿಕೆ ತೆಗೆದಿತ್ತು. ನನ್ನನ್ನು ಕೂರಿಸಿ, ಭುಜಕ್ಕೆ ತಣ್ಣನೆಯ ಜೆಲ್ ಹಚ್ಚಿದರು. ದಿನವೂ ಹೊರರೋಗಿ ಚೀಟಿ ಬರೆಯುವ ಹುಡುಗ ಬಿಳಿ ಏಪ್ರನ್ ತೊಟ್ಟು ಹ್ಯಾಂಡ್‌ಪೀಸ್ ಹಿಡಿದು ನಿಂತ. ಯಂತ್ರದ ಪರದೆ ಕಪ್ಪಾಗಿತ್ತು; ಕೆಳಗೆ ನೋಡಿದರೆ ಪ್ಲಗ್ ನೆಲದ ಮೇಲೆ ಬಿದ್ದಿತ್ತು. ಮುಖ ಗಂಟು ಹಾಕಬೇಡಿ, ಸ್ವಲ್ಪ ನಗಿ ಎಂದು ಫೋಟೊ ತೆಗೆಯುವವರು ನನಗೆ ಹೇಳಿದರು. ಅಧಿಕಾರಿಗಳು ಬಂದರು, ತಲೆಯಾಡಿಸಿದರು, ಹೋದರು. ಅವರ ಗಾಡಿ ಗೇಟು ದಾಟಿದ ಮೇಲೆ, ಹುದ್ದೆ ಖಾಲಿ ಇದೆ, ಹೊರಗಡೆ ಮಾಡಿಸಿಕೊಳ್ಳಿ ಎಂದು ನನ್ನನ್ನು ಎಬ್ಬಿಸಿ ಬೀಗ ಹಾಕಿದರು. ಭುಜದ ಜೆಲ್ಲನ್ನು ನಾನೇ ಸೆರಗಿನಿಂದ ಒರೆಸಿಕೊಂಡೆ. ನನ್ನ ಆ ಫೋಟೊ ಇಂದು ಯಾವ ಕಡತದಲ್ಲಿ ಫಲಾನುಭವಿಯ ಚಿತ್ರವಾಗಿ ಕೂತಿದೆಯೋ, ಅದನ್ನು ತಾವು ತರಿಸಿ ನೋಡಬೇಕು. ನನ್ನ ನೋವನ್ನು ಸರ್ಕಾರಕ್ಕೆ ಸುಳ್ಳು ಲೆಕ್ಕ ತೋರಿಸಲು ಬಳಸಿಕೊಂಡಿದ್ದಾರೆ, ಸ್ವಾಮಿ. ಇದನ್ನು ನಾನು ಸಹಿಸುವುದಿಲ್ಲ.

ಹೊರಗಡೆ ಎಂದರೆ ಎಲ್ಲಿ? ಕಲಬುರಗಿ ನಗರದ ಖಾಸಗಿ ಕ್ಲಿನಿಕ್ಕಿನ ಒಂದು ಸರದಿಯ ಶುಲ್ಕ ನನ್ನ ವಾರದ ಗಳಿಕೆಯನ್ನು ನುಂಗುತ್ತದೆ. ಅನುಕೂಲವಿದ್ದವರು ಸೊಲ್ಲಾಪುರಕ್ಕೋ ಹೈದರಾಬಾದಿಗೋ ಹೋಗುತ್ತಾರೆ. ತೊಗರಿ ರಾಶಿಗೆ ಹೋಗುವ ಹೆಂಗಸರು ಹಿಮ್ಮಡಿ ಊರಲಾಗದೆ ತುದಿಗಾಲಲ್ಲಿ ನಡೆಯುತ್ತಾರೆ, ಫರಸಿ ಕಲ್ಲಿನ ಗಣಿಯಲ್ಲಿ ದುಡಿದವರು ಮೊಣಕೈ ಹಿಡಿದುಕೊಂಡು ಕೂರುತ್ತಾರೆ. ಅವರಾರೂ ಹೊರಗಡೆ ಹೋಗಲಾರರು.

ನಿಯಮಗಳು ತಮಗೆ ನನಗಿಂತ ಚೆನ್ನಾಗಿ ಗೊತ್ತು. ಸಾರ್ವಜನಿಕ ಹಣದಲ್ಲಿ ಕೊಂಡ ಯಂತ್ರಕ್ಕೆ ಖಾತರಿ ಅವಧಿ ಎಂಬುದಿರುತ್ತದೆ, ಅದು ಬೀಗದೊಳಗೇ ಕರಗಿಹೋಗುತ್ತಿದೆ. ಹ್ಯಾಂಡ್‌ಪೀಸ್‌ನ ಒಳಭಾಗಗಳು ಬಳಸಿದಂತೆ ಸವೆಯುತ್ತವೆ, ಬದಲಿಸಬೇಕಾಗುತ್ತದೆ. ಅದಕ್ಕೆ ವಾರ್ಷಿಕ ನಿರ್ವಹಣಾ ಒಪ್ಪಂದ ಆಗಿದೆಯೇ ಎಂದು ಕೇಳಿದರೆ ಒಬ್ಬರ ಮುಖ ಒಬ್ಬರು ನೋಡುತ್ತಾರೆ. ಈ ಭಾಗ ಹಿಂದುಳಿದಿದೆ ಎಂಬ ಕಾರಣಕ್ಕೇ ಅಲ್ಲವೇ ಸಂವಿಧಾನಕ್ಕೆ 98ನೇ ತಿದ್ದುಪಡಿ ತಂದು, ನಮ್ಮ ಭಾಗಕ್ಕೆ ವಿಶೇಷ ಸ್ಥಾನಮಾನ ಕೊಡುವ 371(ಜೆ) ವಿಧಿಯನ್ನು ಸೇರಿಸಿದ್ದು? ವೇದಿಕೆಯ ಮೇಲೆ ತಾವೂ ಅದನ್ನು ಹೇಳುತ್ತೀರಿ. ಯಂತ್ರ ತಂದಿಟ್ಟು ನಡೆಸುವವರನ್ನು ಕೊಡದಿದ್ದರೆ ನಮಗೆ ದಕ್ಕಿದ್ದೇನು?

ಆದ್ದರಿಂದ ಮತ್ತೊಮ್ಮೆ ಕೇಳುತ್ತೇನೆ: ಕೋಣೆಯ ಬೀಗ ತೆಗೆಸಿ. ಫಿಸಿಯೋಥೆರಪಿಸ್ಟ್ ಹುದ್ದೆ ತುಂಬಿಸಿ. ಕಾಯಂ ನೇಮಕಾತಿಗೆ ತಡವಾಗುವುದಾದರೆ ಅಲ್ಲಿಯವರೆಗೆ ಜಿಲ್ಲಾ ಕೇಂದ್ರದಿಂದ ವಾರದಲ್ಲಿ ಎರಡು ದಿನ ಒಬ್ಬರನ್ನು ಕಳುಹಿಸಿ, ಆ ದಿನಗಳನ್ನು ಆಸ್ಪತ್ರೆಯ ಫಲಕದಲ್ಲಿ ಬರೆಸಿ. ನಿರ್ವಹಣಾ ಒಪ್ಪಂದ ಮಾಡಿಸಿ. ಪರಿಶೀಲನೆಯ ದಿನದ ಆ ಫೋಟೊ ಯಾರ ಆದೇಶದಂತೆ ತೆಗೆಯಲಾಯಿತು ಎಂಬುದನ್ನು ವಿಚಾರಿಸಿ ನನಗೆ ಲಿಖಿತ ಉತ್ತರ ಕೊಡಿಸಿ. ಆಸ್ಪತ್ರೆಯ ಆಡಳಿತ ನೋಡಿಕೊಳ್ಳುವ ಆರೋಗ್ಯ ರಕ್ಷಾ ಸಮಿತಿಯ ಮುಂದಿನ ಸಭೆಯಲ್ಲೇ ಇದು ತೀರ್ಮಾನವಾಗಬೇಕು. ಸಭೆಯ ದಿನ ಚೀಟಿ ಮತ್ತು ಎಕ್ಸ್‌ರೇ ಹಿಡಿದು ನಾನು ಬರುತ್ತೇನೆ, ಹಿಮ್ಮಡಿ ನೋವಿನ ಹೆಂಗಸರನ್ನೂ ಕರೆತರುತ್ತೇನೆ.

ಇಂತಿ,
ತಮ್ಮ ಕ್ಷೇತ್ರದ ಮತದಾರಳು,
ಕಲಬುರಗಿ ಜಿಲ್ಲೆ