ಒಂದು ಮೂಳೆಯ ಮೇಲೆ ಕಥೆ ನಿಲ್ಲಿಸಬೇಡ

ಪ್ರಿಯ ತಂಗಿಗೆ ಆಶೀರ್ವಾದಗಳು.

ನಿನ್ನ ಪತ್ತೇದಾರಿ ಕಥೆಯನ್ನು ಗಮನವಿಟ್ಟು ಓದಿದೆ. ಸೋಮವಾರಪೇಟೆಯ ಕಾಫಿ ತೋಟ, ಕೂಲಿಕಾರರ ಲೈನ್ ಮನೆಗಳ ಸಾಲು, ಆಷಾಢದ ಜಡಿಮಳೆ ಎಲ್ಲವೂ ಚೆನ್ನಾಗಿ ಬಂದಿವೆ. ಆದರೆ ಮಡಿಕೇರಿಯ ಶವಾಗಾರವನ್ನು ಹೊಕ್ಕ ಕೂಡಲೇ ಕಥೆ ಹಳಿ ತಪ್ಪುತ್ತದೆ. 22 ವರ್ಷದ ನವವಿವಾಹಿತೆಯ ಕತ್ತಿನಲ್ಲಿ ಹಯಾಯ್ಡ್ ಮೂಳೆ ಮುರಿದಿರುವುದನ್ನು ಕಂಡೊಡನೆ ನಿನ್ನ ವೈದ್ಯರು ‘ಇದು ನೇಣಲ್ಲ, ಕೊಲೆ’ ಎಂದು ಸಾರಿಬಿಡುತ್ತಾರೆ. ಅನುಭವಸ್ಥ ವೈದ್ಯರು ಅಷ್ಟು ಅವಸರಪಡುವುದಿಲ್ಲ.

ನಾಲಿಗೆಯ ಬುಡದಲ್ಲಿರುವ ಆ ಪುಟ್ಟ ಮೂಳೆಯ ಭಾಗಗಳು ಎಳೆಯ ವಯಸ್ಸಿನಲ್ಲಿ ಪೂರ್ತಿ ಬೆಸೆದುಕೊಂಡಿರುವುದಿಲ್ಲವಾದ್ದರಿಂದ ಬಾಗುತ್ತವೆಯೇ ಹೊರತು ಸುಲಭಕ್ಕೆ ಮುರಿಯುವುದಿಲ್ಲ. ಕೈಯಿಂದ ಕತ್ತು ಹಿಸುಕಿದಾಗ ಮುರಿಯುವ ಸಂಭವ ಹೆಚ್ಚೆಂಬುದು ನಿಜವಾದರೂ, ವಯಸ್ಸಾದವರಲ್ಲಿ ನೇಣಿನಿಂದಲೂ ಮುರಿಯುವುದುಂಟು. ಮುರಿದಿಲ್ಲವೆಂದ ಮಾತ್ರಕ್ಕೆ ಕೊಲೆಯಲ್ಲ ಎನ್ನುವಂತೆಯೂ ಇಲ್ಲ. ಕತ್ತಿನ ಮೇಲಿನ ಗುರುತಿನ ವಿಷಯವೂ ಹೀಗೆಯೇ: ನೇಣಿನಲ್ಲಿ ಅದು ಸಾಮಾನ್ಯವಾಗಿ ಮೇಲ್ಭಾಗದಲ್ಲಿ ಓರೆಯಾಗಿ ಏರಿ ಒಂದೆಡೆ ಮಾಸುತ್ತದೆ, ಬಿಗಿದು ಕೊಂದಾಗ ಕೆಳಗೆ ಅಡ್ಡಲಾಗಿ ಸುತ್ತುವರಿಯುತ್ತದೆ. ಆ ‘ಸಾಮಾನ್ಯವಾಗಿ’ಯನ್ನು ಮಾತ್ರ ಎಲ್ಲಿಯೂ ಕೈಬಿಡಬೇಡ.

ನಿನ್ನ ಕಥೆಗೆ ನಿಜವಾದ ಜೀವವಿರುವುದು ಪರೀಕ್ಷೆಯ ಕ್ರಮದಲ್ಲಿ. ಇಂಥ ಸಾವುಗಳಲ್ಲಿ ವೈದ್ಯರು ಕತ್ತಿಗೆ ಮೊದಲು ಕೈಹಾಕುವುದಿಲ್ಲ. ಮೆದುಳನ್ನೂ ಎದೆಯ ಅಂಗಗಳನ್ನೂ ತೆಗೆದು, ಕತ್ತಿನ ರಕ್ತನಾಳಗಳು ಬರಿದಾದ ಮೇಲೆ, ಸ್ನಾಯುಗಳನ್ನು ಪದರ ಪದರವಾಗಿ ಬಿಡಿಸುತ್ತಾರೆ. ಹಾಗಲ್ಲದಿದ್ದರೆ ಶಸ್ತ್ರ ತಾಗಿದಾಗ ಒಸರುವ ರಕ್ತವೇ ಪೆಟ್ಟಿನ ಕಂದುಗಲೆಯಂತೆ ಕಂಡು, ಇಲ್ಲದ ಕೊಲೆಯೊಂದು ವರದಿಯಲ್ಲಿ ಹುಟ್ಟಿಕೊಳ್ಳಬಹುದು. ಅರ್ಧಚಂದ್ರಾಕಾರದ ಉಗುರಿನ ಗೀರು, ರೆಪ್ಪೆಯ ಒಳಗಿನ ಸೂಜಿಮೊನೆಯಷ್ಟರ ರಕ್ತದ ಚುಕ್ಕೆಗಳು, ಸ್ನಾಯುವಿನೊಳಗಿನ ರಕ್ತಸ್ರಾವ, ಇವೆಲ್ಲವನ್ನೂ ಸ್ಥಳದ ಫೋಟೋ ಮತ್ತು ಮಹಜರಿನ ಜೊತೆಗಿಟ್ಟು ನೋಡಿದ ಬಳಿಕವಷ್ಟೇ ಅವರು ಸಾವಿನ ಕಾರಣವನ್ನು ಬರೆಯುತ್ತಾರೆ. ಯಾರು, ಏಕೆ ಎಂಬುದು ಅವರ ಪಾಲಿನ ಕೆಲಸವಲ್ಲ. ಆ ತಾಳ್ಮೆಯನ್ನು ಎರಡು ಪುಟ ಹಿಗ್ಗಿಸಿದರೂ ಓದುಗರು ಬೇಸರಿಸರು. ಹಗ್ಗದ ವರ್ಣನೆಯನ್ನು ಮಾತ್ರ ಪೂರ್ತಿ ತೆಗೆದುಹಾಕು. ಅದು ಕಥೆಗೂ ಬೇಡ, ನೊಂದಿರುವ ಓದುಗರಿಗೂ ಬೇಡ.

ಇನ್ನೊಂದು ಮಾತು. ಮದುವೆಯಾಗಿ ಏಳು ವರ್ಷದೊಳಗೆ ಹೆಣ್ಣುಮಗಳು ಹೀಗೆ ಸತ್ತರೆ ಶವ ಪಂಚನಾಮೆಯನ್ನು ಠಾಣೆಯವರಷ್ಟೇ ಮುಗಿಸುವಂತಿಲ್ಲ, ಮ್ಯಾಜಿಸ್ಟ್ರೇಟರ ವಿಚಾರಣೆ ಆಗಬೇಕು. ಹಳೆಯ ದಂಡ ಪ್ರಕ್ರಿಯಾ ಸಂಹಿತೆಯ ಬದಲಿಗೆ 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯಲ್ಲಿಯೂ ಈ ನಿಯಮ ಉಳಿದಿದೆ. ನಮ್ಮಲ್ಲಿ ಅದಕ್ಕೆ ಸಾಮಾನ್ಯವಾಗಿ ಬರುವವರು ತಾಲ್ಲೂಕು ತಹಶೀಲ್ದಾರರು. ನಿನ್ನ ಸಬ್‌ಇನ್‌ಸ್ಪೆಕ್ಟರ್ ಲೈನ್ ಮನೆಯ ಬಾಗಿಲಲ್ಲಿ ಅವರ ಜೀಪಿಗಾಗಿ ಕಾಯಲಿ. ತೋಟದ ಲೆಕ್ಕಪತ್ರ ನೋಡುವ ರೈಟರು ಆ ಹೊತ್ತಿನಲ್ಲಿ ಏನೇನು ಹೇಳಬಹುದೆಂದು ಯೋಚಿಸಿ ಅಧ್ಯಾಯವನ್ನು ಮತ್ತೆ ಬರೆದು ಕಳುಹಿಸು.